ಮೂರು ಮನೆಯ ಹಾಲು

ಮಧ್ಯಾಹ್ನದ ಹಾಲಿನ ಲೋಟ ಹಿಡಿದು ಎದುರಿಗೆ ನಿಂತ ಮಗಳನ್ನು ಅಮ್ಮ ಅಡಿಯಿಂದ ಮುಡಿಯವರೆಗೆ ನೋಡಿ, "ನೀನು ಯಾವ ಸಾಲಿನವಳು? ನಿನಗಾಗಲೇ ಬಡಿಸಿ ಆಯ್ತಲ್ಲ" ಎಂದಳು.

ಅಮ್ಮ ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು ಮಗಳು ನಕ್ಕಳು. "ಹಿಂದಿನ ಸಾಲು ಅಮ್ಮ, ಇನ್ನೊಂದು ಸೌಟು ಹಾಕು" ಎಂದು ತಾನೂ ಸೇರಿಸಿದಳು. ಅಮ್ಮ ನಗಲಿಲ್ಲ. ಹುಬ್ಬು ಗಂಟಿಕ್ಕಿ ಬಾಗಿಲ ಕಡೆ ಕೈ ತೋರಿಸಿದಳು. "ಎರಡನೇ ಸಲ ಬರೋ ಹಾಗಿಲ್ಲ. ಬಟ್ಟಲು ತೊಳೆದಿಟ್ಟು ಹೋಗು." ಆಮೇಲೆ ಮಗಳ ಕೈಯಲ್ಲಿದ್ದ ಲೋಟ ಕಣ್ಣಿಗೆ ಬಿತ್ತು. ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ತಳ ಕಾಣುವವರೆಗೂ ಗಟಗಟ ಕುಡಿದು, ಖಾಲಿ ಲೋಟವನ್ನು ಮಗಳಿಗೆ ಕೊಟ್ಟು ಗೋಡೆಯ ಕಡೆ ತಿರುಗಿ ಮಲಗಿದಳು.

ಹೆತ್ತವಳಿಗೆ ಹೆತ್ತದ್ದು ಮರೆತುಹೋಗಿತ್ತು.

ತನ್ನ ಅಮ್ಮ ಯಾವುದನ್ನೂ ಮರೆಯುವ ಹೆಂಗಸಲ್ಲ. ಬೀದಿಯವರೆಲ್ಲ ಅವಳನ್ನು ತಕ್ಕಡಿಯಮ್ಮ ಎಂದು ಕರೆಯುತ್ತಿದ್ದರು. ಆ ಹೆಸರಿಟ್ಟವರು ಹಾಸ್ಟೆಲ್ಲಿನ ಮಕ್ಕಳು. ಮದುವೆಯಾಗಿ ಬಂದ ಹೊಸತರಲ್ಲಿ ಪಾತ್ರೆ ತಿಕ್ಕುವ ಕೆಲಸಕ್ಕೆಂದು ಆ ಹಾಸ್ಟೆಲ್ಲಿಗೆ ಹೋದವಳು, ಬಡಿಸುವವಳಾಗಿ, ತಲೆ ನೆರೆಯುವವರೆಗೂ ಅಲ್ಲೇ ನಿಂತಳು. ಬೆಳಕು ಹರಿಯುವ ಮೊದಲೇ ಒಲೆಯ ಮುಂದೆ ಇರಬೇಕು, ಕೊನೆಯ ಬಟ್ಟಲು ಕವುಚಿಟ್ಟು ಹೊರಗೆ ಬಂದಾಗ ಬೀದಿ ದೀಪ ಹತ್ತಿರುತ್ತಿತ್ತು. ಬಿಸಿಲೆನ್ನುವುದು ಅವಳ ಪಾಲಿಗೆ ಅಡುಗೆಮನೆಯ ಎತ್ತರದ ಕಿಟಕಿಯಲ್ಲಿ ಬಂದು ಹೋಗುವ ನೆಂಟ. ಮಕ್ಕಳು ಬಟ್ಟಲು ಹಿಡಿದು ಸಾಲಾಗಿ ಬರುತ್ತಿದ್ದರು. ದಪ್ಪನೆಯವನಿಗೆ ಒಂದು ಸೌಟು, ಬಡಕಲಿಗೆ ಒಂದು ಸೌಟು, ಅತ್ತವನಿಗೂ ಒಂದು, ನಕ್ಕವನಿಗೂ ಒಂದು. ಒಮ್ಮೆ ವಾರ್ಡನ್ನರ ಅಕ್ಕನ ಮಗ ಬಟ್ಟಲು ಚಾಚಿಕೊಂಡೇ ನಿಂತ. "ನಮ್ಮ ಮಾವ ಯಾರು ಗೊತ್ತಾ?" ಎಂದ. ಅಮ್ಮ ಅವನ ಹಿಂದೆ ನಿಂತಿದ್ದವನ ಬಟ್ಟಲಿಗೆ ಬಡಿಸುತ್ತ, "ಸೌಟಿಗೆ ನೆಂಟರಿಲ್ಲ ಮಗಾ, ಮುಂದೆ ನಡಿ" ಎಂದಳು. ಆ ಮಾತು ಹಾಸ್ಟೆಲ್ಲಿನಲ್ಲಿ ಗಾದೆಯಾಯಿತು.

ಸಣ್ಣವಳಿದ್ದಾಗ ಮಗಳೂ ಒಂದು ದಿನ ಆ ಸಾಲಿನಲ್ಲಿ ನಿಂತಿದ್ದಳು. ಮನೆಗೆ ಬೀಗ ಹಾಕಿತ್ತು, ಹೊಟ್ಟೆ ತಾಳ ಹಾಕುತ್ತಿತ್ತು. ಅಮ್ಮನೇ ಬಡಿಸುವಾಗ ನನಗೇನು ಕಮ್ಮಿ ಎಂದು ಬೀಗುತ್ತ ಬಟ್ಟಲು ಚಾಚಿದಳು. ಒಂದೇ ಸೌಟು ಗಂಜಿ ಬಿತ್ತು. ಕಣ್ಣೆತ್ತಿ ನೋಡಿದರೆ ಅಮ್ಮನ ಕಣ್ಣು ಆಗಲೇ ಮುಂದಿನ ಬಟ್ಟಲ ಮೇಲಿತ್ತು. "ಕೊಡೋನು ಮೇಲಿರೋನು. ನಾನು ಬರೀ ಸೌಟು" ಎಂದು ಅಮ್ಮ ಆಮೇಲೆ ದಾರಿಯಲ್ಲಿ ಸಮಾಧಾನ ಹೇಳಿದ್ದಳು. ಮಗಳಿಗೆ ಸಮಾಧಾನವಾಗಿರಲಿಲ್ಲ. ಇಷ್ಟು ವಯಸ್ಸಾದರೂ, ಲಾಂಡ್ರಿಯಲ್ಲಿ ಹೊಗೆಯಾಡುವ ಇಸ್ತ್ರಿ ಹಿಡಿದು ನಿಂತಿರುವಾಗ, ಒಮ್ಮೊಮ್ಮೆ ಆ ಒಂದು ಸೌಟು ನೆನಪಾಗುತ್ತಿತ್ತು.

ಅಪ್ಪ ಇರುವವರೆಗೆ ಮನೆ ಒಂದೇ ಆಗಿತ್ತು. ಅಪ್ಪ ಹೋದದ್ದು ಎದೆನೋವಿನಿಂದ. ಅಣ್ಣ ಬಸ್ ಓಡಿಸುವವನು, ಆ ದಿನ ಡ್ಯೂಟಿಯ ಮೇಲಿದ್ದ. ತಮ್ಮ "ಗ್ಯಾಸು, ಮಲಗಪ್ಪ" ಎಂದ. ತಾಯಿಮನೆಗೆ ಬಂದಿದ್ದ ಮಗಳು ಬಿಸಿನೀರು ಕಾಯಿಸಿ ಕೊಟ್ಟಳು. ಅಪ್ಪ ಆ ನೀರನ್ನು ಪೂರ್ತಿ ಕುಡಿಯಲೂ ಇಲ್ಲ. ಮಣ್ಣು ಮಾಡಿ ಬಂದ ಸಂಜೆಯೇ ಅಣ್ಣ, "ಇಬ್ಬರಿದ್ರಲ್ಲ ಮನೇಲಿ. ಒಬ್ಬರಿಗಾದರೂ ಡಾಕ್ಟರ ಹತ್ರ ಕರ್ಕೊಂಡು ಹೋಗೋಣ ಅನ್ನಿಸಲಿಲ್ವಾ?" ಎಂದ. ತಮ್ಮ, "ಬಸ್ ತುಂಬ ಊರವರನ್ನೆಲ್ಲ ಆಸ್ಪತ್ರೆಗೆ ಸಾಗಿಸ್ತೀಯಲ್ಲ, ಅಪ್ಪನಿಗೆ ಮಾತ್ರ ಸೀಟಿರಲಿಲ್ಲ" ಎಂದ. ಮಗಳು ಇಬ್ಬರಿಗೂ ಸೇರಿಸಿ ಏನೋ ಅಂದಳು. ಆಡಿದ ಮಾತು ಒಡೆದ ಮುತ್ತು. ಅಂದಿನಿಂದ ಅಣ್ಣ ತಮ್ಮಂದಿರ ಒಲೆಯೂ ಬೇರೆಯಾಗಿ, ಮೂವರ ಒಲೆ ಮೂರಾಯಿತು. ಒಂದೇ ಬೀದಿಯಲ್ಲಿದ್ದರೂ ಬೇಕಾದಷ್ಟೇ ಮಾತು. ಮೂವರ ಮನಸ್ಸಿನಲ್ಲೂ ಇದ್ದದ್ದು ಒಂದೇ ಯೋಚನೆ: ಇವರ ಕೈಗೆ ಬಿಟ್ಟರೆ ಅಮ್ಮನನ್ನೂ ಹೀಗೇ ಕಳೆದುಬಿಡುತ್ತಾರೆ.

ಅಮ್ಮ ಯಾರನ್ನೂ ಬೈಯಲಿಲ್ಲ. ತನ್ನನ್ನೇ ಮೂರು ಪಾಲು ಮಾಡಿ ಬಡಿಸಿಬಿಟ್ಟಳು. ರಾತ್ರಿ ಮತ್ತು ಬೆಳಗ್ಗೆ ದೊಡ್ಡ ಮಗನ ಮನೆ. ಮಧ್ಯಾಹ್ನ, ಗಂಡ ತೀರಿಕೊಂಡ ಮೇಲೆ ಅದೇ ಬೀದಿಗೆ ಬಂದು ನೆಲೆಸಿದ್ದ ಮಗಳ ಒಂಟಿ ಕೋಣೆ. ಸಂಜೆ ಬೀಗ ರಿಪೇರಿ ಮಾಡುವ ಚಿಕ್ಕ ಮಗನ ಅಂಗಡಿ. ಮೆಟ್ಟಿಲ ಕೆಳಗಿನ ಬೀರುವಿನಷ್ಟೇ ಅಗಲದ ಜಾಗ ಅದು, ಅಲ್ಲಿ ಅವಳಿಗೊಂದು ಸ್ಟೂಲು. ಒಂದು ಮನೆಯ ಮಾತನ್ನು ಇನ್ನೊಂದು ಮನೆಯ ಹೊಸಿಲು ದಾಟಿಸುತ್ತಿರಲಿಲ್ಲ. "ಅಣ್ಣನ ಮನೇಲಿ ಏನು ತಿಂದೆ?" ಎಂದು ಮಗಳು ಕೇಳಿದರೆ, "ಹೊಟ್ಟೆ ತುಂಬ ತಿಂದೆ" ಎನ್ನುವಳು. "ಅತ್ತಿಗೆ ಏನಂದಳು?" ಎಂದರೆ, "ಅವಳ ಮಾತು ಅವಳ ಮನೇಲೇ ಇದೆ, ಹೋಗಿ ಕೇಳು" ಎನ್ನುವಳು.

ಒಂದು ಬೆಳಗ್ಗೆ ಅಮ್ಮ ನೀರಿನ ಕೊಡ ಎತ್ತಿದಳು, ಅಷ್ಟೇ. ಬೆನ್ನಿನಲ್ಲಿ ಲಟಕ್ಕೆಂದಿತು. ಅಣ್ಣ ಕರೆದುಕೊಂಡು ಹೋಗಿ ಎಕ್ಸ್-ರೇ ತೆಗೆಸಿದ. "ಬೆನ್ನಿನ ಒಂದು ಮೂಳೆ ಕುಸಿದಿದೆ. ಮೂಳೆ ಸವೆದು, ಒಣಗಿದ ಜೇನುಗೂಡಿನ ಹಾಗೆ ಪೊಳ್ಳಾಗಿದೆ" ಎಂದು ಮೂಳೆ ಡಾಕ್ಟರು ಹೇಳಿದರಂತೆ. ಆಸ್ಟಿಯೋಪೊರೋಸಿಸ್ ಎಂದು ಅದರ ಹೆಸರು. ಮೂಳೆಗೆ ಕ್ಯಾಲ್ಸಿಯಂ ಸೇರಬೇಕು, ಅದು ಮೈಗೆ ಹತ್ತಬೇಕಾದರೆ ವಿಟಮಿನ್ ಡಿ ಬೇಕು, ಅದು ಬಿಸಿಲಿನಿಂದ ಬರುವಂಥದ್ದು, ಇವಳ ಮೈಯಲ್ಲಿ ಹೆಸರಿಗೂ ಇಲ್ಲ. ವಾರಕ್ಕೊಂದು ಪೊಟ್ಟಣ ಪುಡಿಯನ್ನು ಹಾಲಿಗೆ ಹಾಕಿ ಕೊಡಿ, ದಿನಕ್ಕೊಂದು ಕ್ಯಾಲ್ಸಿಯಂ ಮಾತ್ರೆ ಕೊಡಿ, ಎರಡು ತಿಂಗಳಾದ ಮೇಲೆ ಕರೆತಂದು ರಕ್ತ ಪರೀಕ್ಷೆ ಮಾಡಿಸಿ, ಎಂದು ಕಳಿಸಿದರು.

ಇದಿಷ್ಟೂ ಮಗಳಿಗೆ ತಿಳಿದದ್ದು ಅತ್ತಿಗೆಯಿಂದ, ಅದೂ ನಲ್ಲಿಯ ಹತ್ತಿರ, ಅರ್ಧಂಬರ್ಧ. ಅತ್ತಿಗೆ ಶಾಲೆಯೊಂದರಲ್ಲಿ ಆಯಾ. ದಿನವಿಡೀ ಮಕ್ಕಳನ್ನು ಗದರಿಸಿ ಗದರಿಸಿ ಅವಳಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು.

"ಔಷಧಿ ಸರಿಯಾಗಿ ಕೊಡ್ತಿದ್ದೀರಾ ಅತ್ತಿಗೆ?" ಎಂದಳು ಮಗಳು.

"ಇಲ್ಲಮ್ಮ, ನಾನೇ ಮುಕ್ತಾ ಇದ್ದೀನಿ! ನನ್ನ ಮೂಳೆ ನೋಡು, ಎಷ್ಟು ಗಟ್ಟಿ!" ಎಂದು ಅತ್ತಿಗೆ ಕೊಡ ಸೊಂಟಕ್ಕೇರಿಸಿದಳು.

ಮಗಳಿಗೆ ಅಷ್ಟು ಸಾಕಾಯಿತು. ಇವಳು ಕೊಡುವವಳಲ್ಲ ಎಂದು ತೀರ್ಮಾನಿಸಿಬಿಟ್ಟಳು. ಮರುದಿನವೇ ಲಾಂಡ್ರಿಗೆ ಅರ್ಧ ದಿನ ರಜೆ ಹಾಕಿ, ಅಮ್ಮನನ್ನು ಬೇರೊಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಅದೇ ಪುಡಿಯನ್ನು ಬರೆಸಿಕೊಂಡು ಬಂದಳು. "ಬೇರೆ ಔಷಧಿ ಏನಾದರೂ ತಗೋತಿದ್ದೀರಾ?" ಎಂದು ಆ ಡಾಕ್ಟರು ಅಮ್ಮನನ್ನೇ ಕೇಳಿದ್ದರು. ಅಮ್ಮ ಬಾಯಿ ತೆರೆಯುವ ಮೊದಲೇ "ಏನೂ ಇಲ್ಲ ಡಾಕ್ಟ್ರೇ, ಕೊಡೋರೇ ಇಲ್ಲ" ಎಂದವಳು ಮಗಳು. ಅಮ್ಮ ಅವಳ ಮುಖವನ್ನೇ ನೋಡಿ ಸುಮ್ಮನಾದಳು.

ಅಂದಿನಿಂದ ಪ್ರತಿ ಶುಕ್ರವಾರ ಮಧ್ಯಾಹ್ನ ಹಾಲು ಬೆಚ್ಚಗೆ ಮಾಡಿ, ಪೊಟ್ಟಣದ ಮೂಲೆ ಹಲ್ಲಿನಿಂದ ಕಚ್ಚಿ ಹರಿದು, ಪುಡಿ ಕದಡಿ, "ದೇವರೇ, ಇವಳ ಬೆನ್ನು ನಿಲ್ಲಿಸು" ಎಂದು ಮನಸ್ಸಿನಲ್ಲೇ ಅಂದುಕೊಂಡು ಕೊಡುತ್ತಿದ್ದಳು. ಅಮ್ಮ ಒಂದು ದಿನವೂ ಬೇಡ ಎನ್ನಲಿಲ್ಲ. ಬಟ್ಟಲು ಖಾಲಿ ಮಾಡುವುದು ಉಂಡವರ ಧರ್ಮ ಎನ್ನುವವಳು ಅವಳು.

ಮೊದಮೊದಲು ಬೆನ್ನುನೋವು ಹಿಂದೆಗೆಯಿತು. ಮೂರ್ನಾಲ್ಕು ತಿಂಗಳಾಗುವಷ್ಟರಲ್ಲಿ ಅಮ್ಮ ನಿಧಾನವಾಗಿ ಒಣಗತೊಡಗಿದಳು. ಊಟ ಸೇರದು, ಹೊಟ್ಟೆ ಕಟ್ಟಿಕೊಂಡಂತೆ, ತಿಂದದ್ದು ವಾಂತಿ. ಚಿಕ್ಕ ಮಗನ ಅಂಗಡಿಯವರೆಗೆ ಹೋಗುವಷ್ಟರಲ್ಲಿ ಎರಡು ಕಡೆ ಕೂರುವಳು. ಕೂತಲ್ಲೇ ತೂಕಡಿಕೆ. "ಬಲ ಸಾಲದು" ಎಂದುಕೊಂಡ ಮಗಳು ಶುಕ್ರವಾರದ ಜೊತೆಗೆ ಮಂಗಳವಾರವೂ ಒಂದು ಪೊಟ್ಟಣ ಕದಡಿದಳು. ಬಲ ಬರಲಿಲ್ಲ. ಬಂದದ್ದು ಆ ಪ್ರಶ್ನೆ: ನೀನು ಯಾವ ಸಾಲಿನವಳು?

ಆ ಮಧ್ಯಾಹ್ನ ಅವಳು ಚಪ್ಪಲಿಯನ್ನೂ ಮೆಟ್ಟದೆ ಅಣ್ಣನ ಮನೆಗೆ ಓಡಿದಳು.

"ಅಣ್ಣ, ಅಮ್ಮನಿಗೆ ನನ್ನ ಗುರುತು ಹತ್ತಲಿಲ್ಲ."

ಅಣ್ಣ ರಾತ್ರಿ ಪಾಳಿ ಮುಗಿಸಿ ಮಲಗಿದ್ದವನು ಎದ್ದು ಕೂತ. "ಅರಳು ಮರಳು. ವಯಸ್ಸಾಯ್ತಲ್ಲ. ನನಗೂ ನಿನ್ನೆ 'ಸ್ಟೋರ್ ಬೀಗ ಎಲ್ಲಿಟ್ಟೆ' ಅಂತ ಕೇಳಿದಳು. ಏನು ಮಾಡೋದು, ನೋಡ್ಕೋಬೇಕು."

"ಹೋದ ತಿಂಗಳು ಬೀದಿಯ ಮಕ್ಕಳ ಹೆಸರೆಲ್ಲ ಹೇಳ್ತಿದ್ದಳು ಅಣ್ಣ. ಅರಳು ಮರಳು ಒಂದು ತಿಂಗಳಲ್ಲಿ ಬರುತ್ತಾ?"

ಅಂದು ಶಾಲೆಗೆ ಹೋಗಿರದ ಅತ್ತಿಗೆ ಒಳಗಿನಿಂದ ಬಂದಳು. ಕೈಯಲ್ಲಿ ಒರೆಸುವ ಬಟ್ಟೆ. "ಬರೋದು ಹೋಗೋದು ನನಗೆ ಗೊತ್ತಿಲ್ಲ. ನಿಮ್ಮಮ್ಮ ಕೊಡಗಟ್ಟಲೆ ನೀರು ಕುಡೀತಾರೆ. ಬಚ್ಚಲ ಹಾದಿ ಸವೆದುಹೋಯ್ತು. ರಾತ್ರಿ ಎದ್ದು ಎದ್ದು ನನ್ನ ಕಾಲು ಬಿದ್ದುಹೋಯ್ತು. ನಿನ್ನ ಮನೇಲಿ ಒಂದು ರಾತ್ರಿ ಇಟ್ಕೋ, ಆಗ ಗೊತ್ತಾಗುತ್ತೆ ಗಂಜಿಯ ಬಿಸಿ."

ಬೇರೆ ದಿನವಾಗಿದ್ದರೆ ಮಗಳು ಅದಕ್ಕೊಂದು ತಿರುಗೇಟು ಕೊಡುತ್ತಿದ್ದಳು. ಅಂದು ತನ್ನ ಕೋಣೆಗೆ ಮರಳಿ ಓಡಿದಳು. ಆಟೋ ಹಿಡಿದು, ಅಮ್ಮನನ್ನು ಮಗುವಿನಂತೆ ತಬ್ಬಿ ಕೂರಿಸಿಕೊಂಡು ದೊಡ್ಡ ಆಸ್ಪತ್ರೆಗೆ ಹೋದಳು. ದಾರಿಯಲ್ಲಿ ಅಮ್ಮ "ನೀರು, ನೀರು" ಎನ್ನುತ್ತಲೇ ಇದ್ದಳು. ಕುಡಿಸಿದರೆ ವಾಂತಿ.

ತುರ್ತು ವಿಭಾಗದಲ್ಲಿದ್ದ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ನಿದ್ದೆಗೆಟ್ಟ ಕಣ್ಣು. ಹೆಸರು, ವಯಸ್ಸು, ಎಂದಿನಿಂದ ಹೀಗೆ ಎಂದೆಲ್ಲ ಕೇಳಿದಳು. ಮಗಳು ವಾಂತಿಯ ಬಗ್ಗೆ ಹೇಳಿದಳು, ಮರೆವಿನ ಬಗ್ಗೆ ಹೇಳಿದಳು. ಬಾಯಾರಿಕೆಯದು ಹೇಳಬೇಕೆಂದು ಹೊಳೆದಿರಲಿಲ್ಲ. ಅದು ಬಂದದ್ದು ದೂರಿನ ರೂಪದಲ್ಲಿ: "ನಮ್ಮತ್ತಿಗೆ ಬೇರೆ, ಕೊಡಗಟ್ಟಲೆ ನೀರು ಕುಡೀತಾರೆ, ಬಚ್ಚಲಿಗೇ ಓಡಾಡ್ತಾರೆ ಅಂತ ಹಂಗಿಸ್ತಾಳೆ ಡಾಕ್ಟ್ರೇ. ಕುಡಿಯೋ ನೀರಿಗೂ ಲೆಕ್ಕ."

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದಳು. "ಮೂಳೆಗೆ ಏನಾದರೂ ಔಷಧಿ ಕೊಡ್ತಿದ್ದೀರಾ?"

ರಕ್ತದ ಫಲಿತಾಂಶ ಬರುವವರೆಗೆ ಮಗಳು ಹಾಸಿಗೆಯ ಕಾಲಬುಡದಲ್ಲಿ ನಿಂತಿದ್ದಳು. ಅಮ್ಮನಿಗೆ ಹೊದಿಸಿದ್ದ ಬಿಳಿ ಹೊದಿಕೆಯ ಮಡಿಕೆಯನ್ನು ನೋಡಿದಳು. ಅದು ತಮ್ಮ ಲಾಂಡ್ರಿಯ ಮಡಿಕೆ. ಈ ಆಸ್ಪತ್ರೆಯ ಬಟ್ಟೆ ಅಲ್ಲಿಗೇ ಬರುತ್ತಿತ್ತು. ತಾನೇ ಒತ್ತಿದ ಬಟ್ಟೆಯೋ ಏನೋ. ಅದರಡಿ ಯಾರು ಮಲಗುತ್ತಾರೆಂದು ಒಂದು ದಿನವಾದರೂ ಯೋಚಿಸಿದ್ದೆನೇ ಎಂದುಕೊಂಡು ಆ ಮಡಿಕೆಯನ್ನು ಅಂಗೈಯಿಂದ ಸವರಿದಳು.

"ರಕ್ತದಲ್ಲಿ ಕ್ಯಾಲ್ಸಿಯಂ ವಿಪರೀತ ಏರಿದೆ" ಎಂದಳು ಡಾಕ್ಟರಮ್ಮ. "ಕಿಡ್ನಿಗೂ ಏಟು ಬಿದ್ದಿದೆ. ಬುದ್ಧಿ ಮಂಕಾಗಿರೋದು, ವಾಂತಿ, ಬಾಯಾರಿಕೆ, ಎಲ್ಲ ಅದರಿಂದಲೇ. ವಿಟಮಿನ್ ಡಿ ಅಳತೆ ಮೀರಿದರೆ ಹೀಗಾಗುತ್ತೆ. ನೀರಲ್ಲಿ ಕರಗಿ ಹೋಗೋಂಥದ್ದಲ್ಲ ಅದು, ಮೈಯ ಕೊಬ್ಬಲ್ಲಿ ಕೂತುಬಿಡುತ್ತೆ. ಎಷ್ಟು ಕೊಡ್ತಿದ್ರಿ?"

"ವಾರಕ್ಕೊಂದು ಪೊಟ್ಟಣ."

"ವಾರಕ್ಕೊಂದರಿಂದ ಇಷ್ಟಾಗಲ್ಲ. ಸರಿಯಾಗಿ ನೆನಪು ಮಾಡಿಕೊಂಡು ಹೇಳಿ."

"ಈಚೆಗೆ ಎರಡು" ಎಂದಳು ಮಗಳು. ದನಿ ಅವಳಿಗೇ ಕೇಳಿಸಲಿಲ್ಲ. "ಸುಸ್ತು ಅಂತಿದ್ದಳು. ಅದಕ್ಕೆ ಎರಡು. ನಾನೇ ಮಾಡಿದೆ ಡಾಕ್ಟ್ರೇ."

"ಎರಡು ಅಂದ್ರೂ ಲೆಕ್ಕ ಕೂಡ್ತಿಲ್ಲ. ಮನೇಲಿ ಬೇರೆ ಯಾರು ಕೊಡ್ತಾರೆ?"

"ಯಾರೂ ಕೊಡಲ್ಲ" ಎಂದಳು ಮಗಳು. ಹೇಳಿದ ಮೇಲೆ, ನಲ್ಲಿಯ ಹತ್ತಿರ ಅತ್ತಿಗೆ ಆಡಿದ ಮಾತು ನೆನಪಾಯಿತು.

ಅಣ್ಣ, ಅತ್ತಿಗೆ ಬಂದಾಗ ಅಮ್ಮನ ಎರಡೂ ಕೈಗೆ ನಳಿಗೆ ಹಾಕಿ ಉಪ್ಪುನೀರು ಹರಿಸುತ್ತಿದ್ದರು. ಮಗಳು ಅಣ್ಣನನ್ನು ಕಾರಿಡಾರಿನ ಕಿಟಕಿಯ ಹತ್ತಿರ ಎಳೆದುಕೊಂಡು ಹೋದಳು. "ಅಣ್ಣ, ಆ ಪುಡಿ. ನೀವು ಕೊಡ್ತಿದ್ರಾ?"

"ಕೊಡದೆ? ಸೋಮವಾರ ಸೋಮವಾರ ನಾನೇ ನನ್ನ ಕೈಯಾರೆ ಕೊಡ್ತಿದ್ದೆ. ದಿನಾ ಕ್ಯಾಲ್ಸಿಯಂ ಮಾತ್ರೆ. ಸುಸ್ತು ಅಂದಳು ಅಂತ ಎರಡು ಸಲ ಇಂಜೆಕ್ಷನ್ನೂ ಹಾಕಿಸಿದೆ, ಮೈಯಲ್ಲಿ ಡಿ ಬೇಗ ತುಂಬಲಿ ಅಂತ. ಯಾಕೆ?" ಎಂದ ಅಣ್ಣ. ಅವಳ ಮುಖ ನೋಡಿ ಅವನ ಮುಖ ಕಳೆಗುಂದಿತು. "ನೀನು?"

ಅವಳು ಹೌದೆಂದು ತಲೆ ಆಡಿಸಿದಳು.

"ಹೇಳೋಕೇನಾಗಿತ್ತು ನಿನಗೆ?"

"ನಿನಗೇನಾಗಿತ್ತು?"

ಅಷ್ಟರಲ್ಲಿ ತಮ್ಮ ಕಾರಿಡಾರಿನ ಆ ತುದಿಯಿಂದ ಬಂದ. ಸೊಂಟದಲ್ಲಿ ಬೀಗದ ಕೈಗೊಂಚಲು ಝಣಝಣ. ಅವನ ಬಾಯಿ ಎಂದೂ ಸುಮ್ಮನಿರುವುದಲ್ಲ. "ಏನಿದು, ಅಣ್ಣ ಅಕ್ಕ ಒಂದೇ ಕಿಟಕಿಯಲ್ಲಿ! ಊರಿನ ಎಲ್ಲ ಬೀಗ ತೆಗೆದಿದ್ದೀನಿ, ಇದೊಂದು ನನ್ನ ಕೈಲಾಗಿರಲಿಲ್ಲ. ಅಮ್ಮ ತೆಗೆದಳಾ?" ಎಂದ. ಯಾರೂ ನಗಲಿಲ್ಲ. ಮಗಳು ವಿಷಯ ಹೇಳಿದಳು.

ತಮ್ಮ ಗೋಡೆಗೆ ಒರಗಿ ಹಾಗೇ ಜಾರಿ ನೆಲಕ್ಕೆ ಕೂತ. ಕೈಗೊಂಚಲು ನೆಲಕ್ಕೆ ತಗುಲಿ ಸದ್ದಾಯಿತು. "ನಾನು ದಿನಾ ಸಂಜೆ ಕೊಡ್ತಿದ್ದೆ ಅಕ್ಕ. ಎದುರಿನ ಮೆಡಿಕಲ್ ಶಾಪಿನವನು, ಪುಡಿಗಿಂತ ಇದು ನೇರವಾಗಿ ಕೆಲಸ ಮಾಡುತ್ತೆ ಅಂದ. ಡಿ ವಿಟಮಿನ್ನಿನದೇ ಸಣ್ಣ ಎಣ್ಣೆ ಗುಳಿಗೆ. ಒಂದು ಗುಳಿಗೆ, ಒಂದು ಲೋಟ ಹಾಲು. ಅಣ್ಣನಿಗೆ ಬಸ್ಸು, ನಿನಗೆ ಲಾಂಡ್ರಿ, ಅಮ್ಮನ್ನ ಯಾರು ನೋಡ್ತಾರೆ ಅಂದ್ಕೊಂಡೆ. ನಾನೊಬ್ಬನೇ ನೋಡ್ತಿದ್ದೀನಿ ಅಂದ್ಕೊಂಡೆ."

ಎರಡು ತಿಂಗಳಿಗೆ ರಕ್ತ ಪರೀಕ್ಷೆ ಎಂದು ಡಾಕ್ಟರು ಹೇಳಿದ್ದನ್ನು ಮೂವರಲ್ಲಿ ಒಬ್ಬರೂ ಮಾಡಿಸಿರಲಿಲ್ಲ. ಕೊಡುವುದರಲ್ಲಿ ಪೈಪೋಟಿ ಇತ್ತು, ನೋಡುವುದರಲ್ಲಿ ಇರಲಿಲ್ಲ. ಅಪ್ಪನಿಗೆ ಯಾರೂ ಔಷಧಿ ಕೊಡಿಸಲಿಲ್ಲವೆಂದು ಜಗಳವಾಡಿದ್ದ ಮೂವರು, ಅಮ್ಮನಿಗೆ ಮೂವರೂ ಕೊಟ್ಟು ಇಲ್ಲಿ ತಂದು ಮಲಗಿಸಿದ್ದರು.

ಅತ್ತಿಗೆ ದೂರದ ಬೆಂಚಿನಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದಳು. ಬೈಯುತ್ತಾಳೆ ಎಂದು ಮಗಳು ಕಾದಳು. ಅವಳು ಬೈಯಲಿಲ್ಲ. ಎದ್ದು ಹೋಗಿ ಎಲ್ಲರಿಗೂ ಚಹಾ ತಂದಳು. ಯಾರೂ ಕುಡಿಯಲಿಲ್ಲ.

ಮುಂದಿನ ದಿನಗಳು ಒಂದಕ್ಕೊಂದು ಅಂಟಿಕೊಂಡು ಹೋದವು. ಉಪ್ಪುನೀರು, ಸೂಜಿ, ಮತ್ತೆ ರಕ್ತ. ಒಮ್ಮೆ ಕ್ಯಾಲ್ಸಿಯಂ ಇಳಿಯಿತೆಂದರು, ಮರುದಿನ ಮತ್ತೆ ಏರಿತೆಂದರು. ಕೊಬ್ಬಿನಲ್ಲಿ ಕೂತದ್ದು ಸ್ವಲ್ಪ ಸ್ವಲ್ಪವಾಗಿ ಬಿಡುತ್ತಿರುತ್ತದೆ, ವಾರಗಟ್ಟಲೆ, ತಿಂಗಳುಗಟ್ಟಲೆ ಹೀಗೇ ಎಂದರು. ಕಿಡ್ನಿಯ ಮಾತು ಕೇಳಿದರೆ, "ನೋಡೋಣ" ಎನ್ನುತ್ತಿದ್ದರು. ಮಗಳು ಲಾಂಡ್ರಿಯಲ್ಲಿ ಇಸ್ತ್ರಿ ತಳ್ಳುತ್ತ ತಳ್ಳುತ್ತ ದೇವರ ಜೊತೆ ಚೌಕಾಸಿ ಮಾಡುತ್ತಿದ್ದಳು. ಮೊದಲು ಅಮ್ಮನನ್ನು ಪೂರ್ತಿ ಕೇಳಿದಳು. ಆಮೇಲೆ ನಡೆಯದಿದ್ದರೂ ಬೇಡ, ಬುದ್ಧಿಯೊಂದು ಕೊಡು ಎಂದಳು. ಕೊನೆಗೆ, ಒಂದು ಸಲ ನನ್ನ ಗುರುತು ಹಿಡಿದರೆ ಸಾಕು, ಆಮೇಲೆ ನಿನ್ನಿಷ್ಟ ಎಂದಳು. ಹಾಗೆಂದ ಮೇಲೆ, ಅಷ್ಟು ಅಗ್ಗಕ್ಕೆ ಒಪ್ಪಿಕೊಂಡೆನಲ್ಲ ಎಂದು ಹೆದರಿ, ಬಿಸಿ ಇಸ್ತ್ರಿಯನ್ನು ಬಟ್ಟೆಯ ಮೇಲೇ ಮರೆತಳು. ಬಟ್ಟೆಯಲ್ಲಿ ಕಂದು ಕಲೆ ಎದ್ದಿತು, ಅವಸರದಲ್ಲಿ ಎತ್ತಹೋಗಿ ಕೈಯೂ ಸುಟ್ಟಿತು.

ಆ ವಾರದ ಕೊನೆಗೆ ಒಂದು ಬೆಳಗ್ಗೆ ಅಮ್ಮ ಕಣ್ಣು ತೆರೆದು, "ನಿನ್ನ ಕೈಗೇನಾಯ್ತು? ಸುಟ್ಕೊಂಡ್ಯಾ ಪುಟ್ಟಿ?" ಎಂದಳು.

ಮಗಳು ಹಾಸಿಗೆಯ ಅಂಚಿಗೆ ಹಣೆ ಹಚ್ಚಿ, ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಅತ್ತು ಮುಗಿದ ಮೇಲೆ ಕೇಳಿದಳು: "ಯಾಕಮ್ಮ ಹೇಳಲಿಲ್ಲ? ಮೂರು ಮನೇಲೂ ಹಾಲು ಕುಡೀತಿದ್ದೀನಿ, ಸಾಕು ಅಂತ ಒಂದು ಮಾತು?"

ಅಮ್ಮನ ತುಟಿ ಒಣಗಿ ಬಿರುಕು ಬಿಟ್ಟಿತ್ತು. "ದೊಡ್ಡವನು ಕೊಟ್ಟದ್ದು ಕುಡಿದು, ನಿನ್ನದು ಬೇಡ ಅನ್ನಲಾ? ನಿಂದು ಕುಡಿದು ಚಿಕ್ಕವನದು ಬೇಡ ಅನ್ನಲಾ? ಸೌಟಿಗೆ ನೆಂಟರಿಲ್ಲ ಅಂತ ಬಡಿಸಿದೋಳು ನಾನು. ಬಟ್ಟಲಿಗೂ ಇರಬಾರದಲ್ಲ." ಉಸಿರು ತೆಗೆದುಕೊಂಡಳು. "ಔಷಧಿ ಅಂದ್ರೆ ಒಳ್ಳೇದೇ ಅಲ್ವಾ, ಎಷ್ಟಾದ್ರೇನು ಅಂದ್ಕೊಂಡೆ. ಅಷ್ಟು ಪ್ರೀತಿಯಿಂದ ಕೊಡ್ತಿದ್ರಿ."

ಮನೆಗೆ ಕಳಿಸುವ ಮುಂಚೆ ಡಾಕ್ಟರಮ್ಮ ಎಲ್ಲರನ್ನೂ ಹಾಸಿಗೆಯ ಸುತ್ತ ನಿಲ್ಲಿಸಿದಳು. ಮೂಳೆ ಇನ್ನೂ ಪೊಳ್ಳಾಗಿಯೇ ಇದೆ, ಕೆಮ್ಮಿದರೂ ಮತ್ತೊಂದು ಕುಸಿಯಬಹುದು. ಕಿಡ್ನಿ ಪೂರ್ತಿ ಮೊದಲಿನಂತಾಗುತ್ತದೆ ಎಂದು ತಾನು ಹೇಳಲಾರೆ. ಈಗ ಪುಡಿಯಿಲ್ಲ, ಗುಳಿಗೆಯಿಲ್ಲ, ಕ್ಯಾಲ್ಸಿಯಂ ಇಲ್ಲ, ಹಾಲೂ ಇಲ್ಲ. ನೀರು ಅಳತೆಯಿಟ್ಟು ಕುಡಿಸಬೇಕು. ಪ್ರತಿ ವಾರ ರಕ್ತ ನೋಡಿ, ಮೂಳೆಗೆ ಏನು ಕೊಡುವುದೆಂದು ಆಮೇಲೆ ತೀರ್ಮಾನ. "ಇನ್ನು ಮೇಲೆ ಇವರ ಬಾಯಿಗೆ ಹೋಗೋದೆಲ್ಲ ಒಬ್ಬರ ಕೈಯಿಂದ ಮಾತ್ರ ಹೋಗಬೇಕು. ಒಬ್ಬರು. ಯಾರು?"

"ನಾನು" ಎಂದ ಅಣ್ಣ. "ನಾನು" ಎಂದಳು ಮಗಳು. "ನಾನು" ಎಂದ ತಮ್ಮ. ಮೂರೂ ಒಟ್ಟಿಗೇ ಬಿದ್ದವು.

"ಲೋ, ನಿನಗೆ ಅಂಗಡಿ ಬಾಗಿಲು ಹಾಕೋದೇ ನೆನಪಿರಲ್ಲ."

"ನೀನು ಇಂಜೆಕ್ಷನ್ ಹಾಕಿಸಿದೋನು, ಬಾಯಿ ಮುಚ್ಚು."

"ಇಬ್ಬರೂ ಬೇಡ, ಹೆಣ್ಣುಮಗಳು ನಾನಿದ್ದೀನಲ್ಲ" ಎಂದಳು ಮಗಳು. ಅಮ್ಮನ ಕಡೆ ತಿರುಗಿದಳು. ಒಂದೇ ಒಂದು ಸಲ ಅಮ್ಮ ತನ್ನ ಬಟ್ಟಲಿಗೆ ಇನ್ನೊಂದು ಸೌಟು ಹಾಕಲಿ ಎಂದು ಮೈಯೆಲ್ಲ ಕೇಳುತ್ತಿತ್ತು. ಅಂದು ಆ ಸಾಲಿನಲ್ಲಿ ನಿಂತ ಹುಡುಗಿಯೇ ಒಳಗೆ ಕೈ ಚಾಚಿದಂತಿತ್ತು. "ಅಮ್ಮ, ನೀನೇ ಹೇಳು."

ಅಮ್ಮ ಕಣ್ಣು ಮುಚ್ಚಿಕೊಂಡಳು. ಜೀವಮಾನದಲ್ಲಿ ಮಾಡದ ಕೆಲಸವನ್ನು ಈಗ ಮಾಡು ಎಂದರೆ ಅವಳಿಗೆ ಎಷ್ಟು ಕಷ್ಟವಾಗುತ್ತಿದೆಯೆಂದು ಹೊದಿಕೆಯನ್ನು ಹಿಂಡುತ್ತಿದ್ದ ಬೆರಳುಗಳೇ ಹೇಳುತ್ತಿದ್ದವು. ಕೊನೆಗೆ ಕಣ್ಣು ಬಿಟ್ಟು, ಮಕ್ಕಳ ಹಿಂದೆ, ಬಾಗಿಲ ಪಕ್ಕದಲ್ಲಿ ಚೀಲ ಕಟ್ಟುತ್ತಿದ್ದವಳ ಕಡೆ ಬೆರಳು ತೋರಿಸಿದಳು.

"ಅವಳು."

ಅತ್ತಿಗೆ ಬೆಚ್ಚಿದಳು. "ನಾನಾ? ನನಗೂ ನಿಮಗೂ ಎಣ್ಣೆ ಸೀಗೆಕಾಯಿ ಅತ್ತೆ. ನಾನು ಬೈತೀನಿ."

"ಬೈಯಿ. ಬೈದು ಕೊಟ್ಟದ್ದನ್ನ ಬೇಡ ಅನ್ನೋಕೆ ನನಗೆ ಬಾಯಿ ಬರುತ್ತೆ" ಎಂದಳು ಅಮ್ಮ. "ಈ ಮೂವರಿಗೆ ಹಾಗನ್ನೋಕೆ ಬರಲ್ಲ."

ಮಗಳು ಕಾರಿಡಾರಿಗೆ ಹೋಗಿ ಕಿಟಕಿ ಹಿಡಿದು ನಿಂತಳು. ನೋವಾಗಿತ್ತು. ಆದರೆ ಯಾರ ಮೇಲೆಂದು ಹೊರಿಸಲು ಜಾಗವಿರಲಿಲ್ಲ. ಪ್ರೀತಿಯಿಂದ ಕೊಟ್ಟದ್ದೇ ಅಮ್ಮನ ಬಾಯಿ ಕಟ್ಟಿತ್ತು.

ಅಮ್ಮ ಈಗ ದೊಡ್ಡ ಮಗನ ಮನೆಯ ಒಳಕೋಣೆಯಲ್ಲಿ ಮಲಗಿದ್ದಾಳೆ. ಮೂರು ಮನೆಯ ಸುತ್ತು ಮುಗಿದುಹೋಯಿತು. ಅವಳು ಬರಲಾರಳಾದ್ದರಿಂದ ಮಗಳು, ಚಿಕ್ಕ ಮಗ ಇಬ್ಬರೂ ಅಲ್ಲಿಗೇ ಹೋಗುತ್ತಾರೆ. ಒಲೆ ಮೂರೇ, ಹೊಸಿಲು ಮಾತ್ರ ಒಂದಾಗಿದೆ. ಕಳೆದ ವಾರದ ರಕ್ತದಲ್ಲಿ ಕಿಡ್ನಿಯ ಅಂಕಿ ಮತ್ತೆ ಕೆಟ್ಟಿತ್ತು. ಈ ವಾರದ್ದು ನಾಳೆ ಬರಬೇಕು. ಶಾಲೆಗೆ ರಜೆ ಹಾಕಿರುವ ಅತ್ತಿಗೆ ನೀರಿನ ಲೋಟ ಹಿಡಿದು, "ಕುಡೀರಿ ಅತ್ತೆ, ಕಣ್ಣು ಬಿಡಬೇಡಿ ನನ್ನ ಮೇಲೆ" ಎಂದು ಗದರುವುದು ಬೀದಿಗೆಲ್ಲ ಕೇಳುತ್ತದೆ. "ಸಾಕು ಮಾರಾಯ್ತಿ, ಹೊಟ್ಟೆಯೋ ಹಂಡೆಯೋ" ಎಂದು ಅಮ್ಮ ತಿರುಗಿ ಗದರುವುದೂ ಕೇಳುತ್ತದೆ.

ನಿನ್ನೆ ಮಧ್ಯಾಹ್ನ ಮಗಳು ಕೆಲಸದಿಂದ ನೇರವಾಗಿ ಅಲ್ಲಿಗೆ ಹೋದಳು. ಅತ್ತಿಗೆ ಹಿತ್ತಿಲಲ್ಲಿದ್ದಳು. ಅಮ್ಮನ ತುಟಿ ಒಣಗಿತ್ತು. ಅಭ್ಯಾಸಬಲ, ಮಗಳು ಮೇಜಿನ ಮೇಲಿನ ಹೂಜಿಯಿಂದ ಅರ್ಧ ಲೋಟ ನೀರು ಬಗ್ಗಿಸಿ, ಅಮ್ಮನ ತಲೆ ಎತ್ತಿ ಹಿಡಿದು, ತುಟಿಯ ಹತ್ತಿರ ತಂದಳು.

ಅಮ್ಮ ಲೋಟ ನೋಡಿದಳು. ಮಗಳ ಮುಖ ನೋಡಿದಳು. ಕಣ್ಣಿನ ಕೊನೆಯಲ್ಲಿ ನೀರು ತುಂಬಿತು.

"ಬೇಡ ಪುಟ್ಟಿ" ಎಂದಳು. "ಅವಳು ಬರಲಿ."

ಮಗಳು ಮೆಲ್ಲಗೆ ಅಮ್ಮನ ತಲೆಯನ್ನು ದಿಂಬಿಗೆ ಇಳಿಸಿದಳು. ಲೋಟವನ್ನು ಮೇಜಿನ ಮೇಲಿಟ್ಟಳು. "ಅತ್ತಿಗೆ," ಎಂದು ಹಿತ್ತಿಲ ಕಡೆ ಕೂಗಿದಳು, ದನಿ ಒಡೆಯದಂತೆ ಹಿಡಿದುಕೊಂಡು, "ಬನ್ನಿ. ಅಮ್ಮನಿಗೆ ಬಾಯಾರಿದೆ."